ಕಡಲಂಚಿನ ಮನೆ: ನೋಟಕ್ಕೆ ಮರುಳಾಗುವ ಮೊದಲು ನೋಡಬೇಕಾದ್ದು

ಕಡಲಿಗೆ ಮುಖ ಮಾಡಿದ ಮನೆಯನ್ನು ಮಾರುವವರು ತೋರಿಸುವುದು ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ, ಅಲೆಯ ಅಬ್ಬರ ಇಲ್ಲದ ತಿಂಗಳಲ್ಲಿ. ಅದೇ ಮನೆಯನ್ನು ಅಮಾವಾಸ್ಯೆ ಕಳೆದ ಮರುದಿನ, ಉಬ್ಬರ ತುಂಬಿದ ಗಳಿಗೆಯಲ್ಲಿ, ಗಾಳಿ ದಡದ ಕಡೆಗೆ ಬೀಸುವಾಗ ಒಮ್ಮೆ ನೋಡಿ ಬನ್ನಿ. ಆಮೇಲೂ ಮನಸ್ಸಿದ್ದರೆ ಮಾತು ಮುಂದುವರಿಸಬಹುದು. ಕಡಲಂಚಿನಲ್ಲಿ ಮನೆಯಾಗಲಿ, ಈಜಾಗಲಿ, ದೋಣಿಯಾಗಲಿ, ಎಲ್ಲಿ ಎನ್ನುವುದಕ್ಕಿಂತ ಯಾವ ಹೊತ್ತಿಗೆ ಎನ್ನುವುದೇ ಹೆಚ್ಚು ತೂಕದ ಪ್ರಶ್ನೆ.

ಹೊತ್ತಿನ ಲೆಕ್ಕ ಕಷ್ಟದ್ದೇನಲ್ಲ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇಂದಿನ ಉಬ್ಬರಕ್ಕಿಂತ ನಾಳಿನದು ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಗಿ ಒಂದೆರಡು ದಿನಕ್ಕೆ ಏರಿಳಿತ ದೊಡ್ಡದು. ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ನೀರು ಒಂದೇ ವೇಗದಲ್ಲಿ ಏರುವುದಿಲ್ಲ ಎನ್ನುವುದನ್ನು ಮಾತ್ರ ಹೊಸಬರು ಮರೆಯುತ್ತಾರೆ. ಇಳಿತದಿಂದ ಉಬ್ಬರಕ್ಕೆ ಹಿಡಿಯುವ ಆರು ಗಂಟೆಯಲ್ಲಿ ಒಟ್ಟು ಏರಿಕೆಯನ್ನು 12 ಪಾಲು ಮಾಡಿ: ಮೊದಲ ಗಂಟೆಗೆ 1 ಪಾಲು, ಎರಡನೆಯದಕ್ಕೆ 2, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಐದಕ್ಕೆ 2, ಆರಕ್ಕೆ 1. ಏರಿಕೆ 3 ಮೀಟರ್ ಇರುವ ಕಡೆ ಮೊದಲ ಗಂಟೆಗೆ 25 ಸೆಂಟಿಮೀಟರ್ ಏರಿದ ನೀರು, ಮೂರನೆಯ ಗಂಟೆಯಲ್ಲಿ 75 ಸೆಂಟಿಮೀಟರ್ ಏರುತ್ತದೆ. ಬಂಡೆಯ ಮೇಲೆ ಕೂತವರು ಸಿಕ್ಕಿಬೀಳುವುದು ಆಗಲೇ.

ಉಬ್ಬರದ ಪಟ್ಟಿಯಲ್ಲಿ ಬರೆದ ಎತ್ತರ ಸೂರ್ಯ ಚಂದ್ರರ ಲೆಕ್ಕದಿಂದ ಬಂದದ್ದು, ಅಂದಿನ ಹವೆಯ ಲೆಕ್ಕ ಅದರಲ್ಲಿಲ್ಲ. ವಾತಾವರಣದ ಒತ್ತಡ 1 ಮಿಲಿಬಾರ್ ಇಳಿದರೆ ಕಡಲ ಮಟ್ಟ ಸುಮಾರು 1 ಸೆಂಟಿಮೀಟರ್ ಏರುತ್ತದೆ. ದಡದತ್ತ ಬೀಸುವ ಜೋರು ಗಾಳಿ ಅದರ ಮೇಲೆ ಇನ್ನಷ್ಟು ನೀರು ತಂದು ಒಟ್ಟುತ್ತದೆ. ಚಂಡಮಾರುತದ ದಿನ ಪಟ್ಟಿ ನೋಡಿ ಸಮಾಧಾನ ಪಟ್ಟುಕೊಳ್ಳಬಾರದು.

ಮನೆ ನೋಡಲು ಹೋದಾಗ ಮೊದಲು ಮರಳಿನ ಮೇಲೆ ನಡೆಯಿರಿ. ಒಣಗಿದ ಪಾಚಿ, ಕಡ್ಡಿ, ಬಾಟಲಿ ಮುಚ್ಚಳಗಳು ಗೆರೆ ಎಳೆದ ಹಾಗೆ ಬಿದ್ದಿರುತ್ತವೆ. ಅಂಥ ಗೆರೆ ಒಂದೇ ಇರುವುದಿಲ್ಲ, ಮೇಲೆ ಮೇಲೆ ಎರಡು ಮೂರು ಇರುತ್ತವೆ. ಎಲ್ಲಕ್ಕಿಂತ ಮೇಲಿನದು ಇತ್ತೀಚಿನ ದೊಡ್ಡ ನೀರು ಬಂದು ನಿಂತ ಜಾಗ. ಅದು ಕಾಂಪೌಂಡಿಗೆ ಎಷ್ಟು ಹತ್ತಿರ ಎನ್ನುವುದನ್ನು ಹೆಜ್ಜೆ ಎಣಿಸಿ ಅಳೆದುಕೊಳ್ಳಿ. ಇನ್ನೊಂದು ಸಂಗತಿ: ಮರಳ ದಂಡೆ ವರ್ಷವಿಡೀ ಒಂದೇ ಅಗಲ ಇರುವುದಿಲ್ಲ. ಬಿರುಗಾಳಿಯ ಕಾಲದಲ್ಲಿ ದೊಡ್ಡ ಅಲೆಗಳು ಮರಳನ್ನು ಎಳೆದು ನೀರಿನಡಿ ದಿಣ್ಣೆ ಕಟ್ಟುತ್ತವೆ, ಕಡಲು ತಣ್ಣಗಾದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನಕ್ಕೆ ವಾಪಸು ತರುತ್ತವೆ. ಕೊಳ್ಳುವವರು ನೋಡುವುದು ಮರಳು ವಾಪಸು ಬಂದ ಮೇಲಿನ ಅಗಲವನ್ನು.

ಮುಂದೆ ಕಲ್ಲಿನ ತಡೆಗೋಡೆ ಇದೆ, ಹೆದರಿಕೆ ಇಲ್ಲ ಎನ್ನುವ ಮಾತನ್ನು ಪೂರ್ತಿ ನಂಬಬೇಡಿ. ಗೋಡೆಗೆ ಬಡಿದ ಅಲೆ ಹಿಂದಕ್ಕೆ ಹೊಡೆದು ಗೋಡೆಯ ಬುಡದ ಮರಳನ್ನೇ ಕೊರೆಯುತ್ತದೆ. ಗೋಡೆಯ ಹಿಂದಿನ ಜಾಗ ಉಳಿದರೂ ಮುಂದಿನ ದಂಡೆ ಸವೆಯುತ್ತಾ ಹೋಗುತ್ತದೆ, ಗೋಡೆ ಮುಗಿಯುವ ಕಡೆ ಪಕ್ಕದವರ ಜಾಗವೂ ಕೊಚ್ಚಿಹೋಗುತ್ತದೆ. ದಂಡೆಯ ಮೇಲೆ ಹಬ್ಬಿದ ಬಳ್ಳಿ, ಹುಲ್ಲು ಇರುವ ಮರಳ ದಿಬ್ಬ ಮನೆಗೂ ನೀರಿಗೂ ನಡುವೆ ಇದ್ದರೆ ಅದು ಗೋಡೆಗಿಂತ ಒಳ್ಳೆಯ ಕಾವಲು. ನೋಟಕ್ಕೆ ಅಡ್ಡ ಎಂದು ಅದನ್ನು ಸವರಿ ಹಾಕುವವರಿದ್ದಾರೆ. ಅವರಿಗೆ ಮುಂದಿನ ಬಿರುಗಾಳಿಯೇ ಉತ್ತರ ಕೊಡುತ್ತದೆ.

ನೀರಿಗಿಂತ ದಿನನಿತ್ಯ ಕಾಡುವುದು ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ಅಲೆ ಒಡೆದಾಗ ಅದು ಹನಿಯಾಗಿ ಗಾಳಿ ಹತ್ತುತ್ತದೆ. ಅಡುಗೆ ಉಪ್ಪು ಗಾಳಿಯ ತೇವ 75 ಶೇಕಡಾ ದಾಟಿದರೆ ನೀರೊಡೆಯುತ್ತದೆ. ಕಡಲುಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದಕ್ಕಿಂತ ಎಷ್ಟೋ ಒಣಗಾಳಿಯಲ್ಲೂ ಅದು ಪೂರ್ತಿ ಒಣಗುವುದಿಲ್ಲ. ಹಾಗಾಗಿ ಲೋಹದ ಮೇಲೆ ಸದಾ ತೆಳುವಾದ ಉಪ್ಪುನೀರಿನ ಪದರ ನಿಂತೇ ಇರುತ್ತದೆ.

ಬಾಲ್ಕನಿಯ ಸ್ಟೀಲ್ ಕಂಬಿಯನ್ನು ಮೇಲಿನಿಂದ ನೋಡಬೇಡಿ, ಬಗ್ಗಿ ಅದರ ಅಡಿಭಾಗ ನೋಡಿ. ಮೇಲ್ಭಾಗವನ್ನು ಮಳೆ ತೊಳೆಯುತ್ತದೆ, ಹೊಳೆಯುತ್ತದೆ. ಮಳೆ ತಾಗದ ಅಡಿಭಾಗದಲ್ಲಿ, ಸೂರಿನ ಕೆಳಗೆ, ಬೆಸುಗೆಯ ಸಂದಿಯಲ್ಲಿ ಚಹಾ ಚೆಲ್ಲಿದಂಥ ಕಂದು ಕಲೆಗಳು ಮೊದಲು ಕಾಣುತ್ತವೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡಲ ಹತ್ತಿರ ಬೇಗ ಹೀಗಾಗುತ್ತದೆ. 316 ದರ್ಜೆಯಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಮ್ ಇರುವುದರಿಂದ ತಾಳಿಕೆ ಹೆಚ್ಚು, ಆದರೆ ಅದನ್ನೂ ತೊಳೆಯಲೇಬೇಕು. ನುಣುಪಾಗಿ ಪಾಲಿಶ್ ಮಾಡಿದ್ದು ಗೆರೆಗೆರೆಯ ಮ್ಯಾಟ್ ಫಿನಿಶ್‌ಗಿಂತ ಲೇಸು, ಗೆರೆಗಳಲ್ಲಿ ಉಪ್ಪು ಕೂರುತ್ತದೆ. ಕಲೆ ತೆಗೆಯಲು ಕಬ್ಬಿಣದ ನಾರಿನಿಂದ ಉಜ್ಜಿದರೆ ಅದರ ಚೂರು ಸ್ಟೀಲಿಗೆ ಅಂಟಿ ಹೊಸ ತುಕ್ಕು ಶುರು. ಸಿಹಿನೀರು, ಸ್ವಲ್ಪ ಸೋಪು, ಮೆತ್ತನೆಯ ಬಟ್ಟೆ ಸಾಕು.

ಎರಡು ಬೇರೆ ಲೋಹ ಸೇರುವ ಕಡೆ ಇನ್ನೊಂದು ತಕರಾರು. ಅಲ್ಯೂಮಿನಿಯಂ ಕಿಟಕಿಗೆ ಸ್ಟೀಲ್ ಬೋಲ್ಟ್ ಹಾಕಿದರೆ ಉಪ್ಪುನೀರು ಸೇರಿ ಬ್ಯಾಟರಿಯಂತಾಗುತ್ತದೆ, ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ನಡುವೆ ನೈಲಾನ್ ವಾಷರ್ ಮತ್ತು ಬೋಲ್ಟಿನ ಸುತ್ತ ಕೂರುವ ಕೊಳವೆ, ಅಂದರೆ ಬುಶ್, ಹಾಕಿಸಿ. ದೊಡ್ಡ ಸ್ಟೀಲ್ ತಗಡಿಗೆ ಸಣ್ಣ ಅಲ್ಯೂಮಿನಿಯಂ ರಿವೆಟ್ ಹೊಡೆಯುವುದು ಎಲ್ಲಕ್ಕಿಂತ ಕೆಟ್ಟ ಜೋಡಿ. ರಿವೆಟ್ ನೋಡನೋಡುತ್ತ ಕರಗಿ ಹೋಗುತ್ತದೆ. ಎಸಿಯ ಹೊರಘಟಕದಲ್ಲೂ ತಾಮ್ರದ ಕೊಳವೆಗೆ ಅಲ್ಯೂಮಿನಿಯಂ ರೆಕ್ಕೆ ಇರುವುದರಿಂದ ಇದೇ ಕಥೆ. ಅದನ್ನು ಕಡಲಿಗೆ ಬೆನ್ನಾದ ಗೋಡೆಗೆ ಹಾಕಿಸಿ, ಲೇಪನವಿರುವ ರೆಕ್ಕೆಯದ್ದನ್ನೇ ಆರಿಸಿ, ಕರೆಂಟು ಆಫ್ ಮಾಡಿ ತಿಂಗಳಿಗೊಮ್ಮೆ ಮೆಲ್ಲಗೆ ಹರಿಯುವ ಸಿಹಿನೀರಿನಲ್ಲಿ ತೊಳೆಯಿರಿ. ಪ್ರೆಶರ್ ವಾಷರ್ ಬಿಟ್ಟರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಿಟಕಿಯ ಹಳಿಯ ತಳದಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಮರಳು, ಉಪ್ಪು ಸೇರಿ ಅವು ಮುಚ್ಚಿದರೆ ಗಾಳಿಮಳೆಯಲ್ಲಿ ಹಳಿ ತುಂಬಿ ನೀರು ಒಳಗೆ ಹರಿಯುತ್ತದೆ, ಎಲ್ಲರೂ ಸೀಲೆಂಟನ್ನು ಬೈಯುತ್ತಾರೆ. ಗಾಜನ್ನು ಮೊದಲು ನೀರು ಸುರಿದು ತೊಳೆಯಬೇಕು, ಒಣಬಟ್ಟೆಯಲ್ಲಿ ಉಜ್ಜಿದರೆ ಅಂಟಿದ ಮರಳು ಗೀರು ಹಾಕುತ್ತದೆ.

ಕಾಂಕ್ರೀಟು ಹಳೆಯದಾಗಿದ್ದರೆ ಸಣ್ಣ ಸುತ್ತಿಗೆಯಿಂದ ಕಂಬ, ತೊಲೆ, ಬಾಲ್ಕನಿಯ ಅಡಿಯನ್ನು ತಟ್ಟಿ. ಟಣ್ ಎಂದರೆ ಸರಿ, ಬೊದ್ದೆನ್ನುವ ಟೊಳ್ಳು ಸದ್ದು ಬಂದರೆ ಒಳಗಿನ ಸರಳು ತುಕ್ಕು ಹಿಡಿದು ಉಬ್ಬಿ ಮೇಲಿನ ಪದರವನ್ನು ಎಬ್ಬಿಸಿದೆ ಎಂದರ್ಥ. ಸರಳಿನ ಉದ್ದಕ್ಕೂ ನೇರ ಬಿರುಕು, ಅದರಿಂದ ಇಳಿದ ಕಂದು ನೀರಿನ ಗೆರೆ ಕಂಡರೆ ತಟ್ಟಿ ನೋಡುವ ಅಗತ್ಯವೂ ಇಲ್ಲ. ಮೇಲೆ ಸಿಮೆಂಟು ಸವರಿ ಬಣ್ಣ ಹೊಡೆದರೆ ಮುಚ್ಚಿಟ್ಟ ಹಾಗಾಯಿತೇ ಹೊರತು ರಿಪೇರಿಯಲ್ಲ, ಒಳಗಿನ ಉಪ್ಪು ಅಲ್ಲೇ ಇರುತ್ತದೆ.

ಬಾವಿ ಇದ್ದರೆ ನೀರು ಕುಡಿದು ನೋಡಿ, ಅದೂ ಬೇಸಿಗೆಯ ಕೊನೆಯಲ್ಲಿ. ದಡದ ಮರಳಿನಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಲೆಕ್ಕದ ಪ್ರಕಾರ ಕಡಲ ಮಟ್ಟಕ್ಕಿಂತ 1 ಅಡಿ ಮೇಲೆ ಸಿಹಿನೀರು ನಿಂತಿದ್ದರೆ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ದೊಡ್ಡ ಪಂಪಿಟ್ಟು ಮೇಲಿನ ಒಂದಡಿ ಎಳೆದರೆ ಕೆಳಗಿನಿಂದ ಉಪ್ಪು ಮೇಲೇರುತ್ತದೆ. ಸಣ್ಣ ಪಂಪು, ಸ್ವಲ್ಪ ಸ್ವಲ್ಪ ಹೊತ್ತು, ಆಳ ಕಡಿಮೆ: ಇಷ್ಟೇ ದಾರಿ.

ಇಷ್ಟೆಲ್ಲ ಬೇಡ ಎನ್ನುವವರಿಗೆ ಹಿನ್ನೀರಿನ ದಡ ಒಳ್ಳೆಯದು. ಅಲೆ ಒಡೆಯದ ಕಡೆ ಗಾಳಿಯಲ್ಲಿ ಉಪ್ಪು ಬಹಳ ಕಡಿಮೆ. ಬದಲಿಗೆ ಇಳಿತದಲ್ಲಿ ಕೆಸರಿನ ವಾಸನೆ, ಸಂಜೆ ಸೊಳ್ಳೆ. ಜನ ಸೇರುವ ದಂಡೆ, ವಾಯುವಿಹಾರದ ಹಾದಿ, ದೋಣಿಕಟ್ಟೆ ಹತ್ತಿರವಿದ್ದರೆ ರಜಾದಿನದ ಸಂಜೆ ಹೋಗಿ ನೋಡಿ. ನಿಮ್ಮ ಗೇಟಿನ ಮುಂದೆ ಯಾರ ಕಾರು ನಿಲ್ಲುತ್ತದೆ ಎನ್ನುವುದು ಅಂದೇ ಗೊತ್ತಾಗುತ್ತದೆ.

ಇನ್ನು ನೀರಿಗಿಳಿಯುವ ಮಾತು. ಅಲೆಗಳು ಸಾಲಾಗಿ ಒಡೆಯುತ್ತಿರುವಾಗ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಗಾಢ ಬಣ್ಣದಲ್ಲಿ ಸಮತಟ್ಟಾಗಿ ಕಾಣುತ್ತದೆ. ಹೊಸಬರು ಇಲ್ಲಿ ಶಾಂತವಾಗಿದೆ ಎಂದು ಅಲ್ಲೇ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಕಡಲಿಗೆ ವಾಪಸಾಗುವ ಕಾಲುವೆ ಅದು, ರಿಪ್ ಕರೆಂಟ್. ನೊರೆ, ಕದಡಿದ ಮರಳು ಹೊರಮುಖವಾಗಿ ಹೋಗುತ್ತಿದ್ದರೆ ಅನುಮಾನವೇ ಬೇಡ. ಕೆಲವೊಮ್ಮೆ ಅದರ ವೇಗ ಸೆಕೆಂಡಿಗೆ 2 ಮೀಟರ್ ದಾಟುತ್ತದೆ, ಒಲಿಂಪಿಕ್ ಈಜುಗಾರನೂ ಎದುರು ಈಜಲಾರ. ಅದು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಮುಳುಗುವವರು ಎದುರು ಈಜಿ ಸುಸ್ತಾಗಿ ಮುಳುಗುತ್ತಾರೆ. ಅಂಗಾತ ತೇಲಿ, ಕೈ ಎತ್ತಿ ತೋರಿಸಿ, ಬಲವಿದ್ದರೆ ದಡಕ್ಕೆ ಸಮಾನಾಂತರವಾಗಿ ಅಲೆ ಒಡೆಯುವ ಕಡೆಗೆ ಈಜಿ. ಕೆಂಪು ಹಳದಿ ಬಾವುಟಗಳ ನಡುವೆ ಜೀವರಕ್ಷಕರ ಕಣ್ಣಿರುತ್ತದೆ. ಎರಡು ಕೆಂಪು ಬಾವುಟ ಎಂದರೆ ನೀರಿಗೆ ಇಳಿಯುವಂತಿಲ್ಲ.

ಗಾಳಿ ತುಂಬಿದ ಆಟಿಕೆ ತೆಪ್ಪಗಳ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. ನೆಲದಿಂದ ಕಡಲಿಗೆ ಗಾಳಿ ಬೀಸುವಾಗ ದಂಡೆಯ ಹತ್ತಿರ ನೀರು ಕನ್ನಡಿಯಂತಿರುತ್ತದೆ, ಮಗು ಕೂತ ತೆಪ್ಪ ಮಾತ್ರ ನಡೆದು ಹಿಡಿಯಲಾಗದ ವೇಗದಲ್ಲಿ ಹೊರಹೋಗುತ್ತದೆ.

ಅಳಿವೆಯಲ್ಲಿ ಕಯಾಕ್ ಬಿಡುವುದಾದರೆ ಉಬ್ಬರ ಏರತೊಡಗಿದ ಮೇಲೆ ಹೊರಡಿ. ಏರುವ ನೀರಿನಲ್ಲಿ ದಿಣ್ಣೆಗೆ ಸಿಕ್ಕಿಕೊಂಡರೆ ಹತ್ತು ಹದಿನೈದು ನಿಮಿಷ ಕಾದರೆ ಕಯಾಕ್ ತಾನೇ ಏಳುತ್ತದೆ. ಇಳಿಯುವ ನೀರಿನಲ್ಲಿ ಸಿಕ್ಕಿಕೊಂಡರೆ ಕೆಸರಿನ ನಡುವೆ ಗಂಟೆಗಟ್ಟಲೆ ಕೂರಬೇಕು, ಮೊಣಕಾಲಿನವರೆಗೆ ಹೂತುಹೋಗುವುದರಿಂದ ಇಳಿದು ನಡೆಯುವಂತೆಯೂ ಇಲ್ಲ. ಹೋಗುವಾಗ ಗಾಳಿಗೆ ಎದುರಾಗಿ ಹೋಗಿ, ದಣಿದು ಬರುವಾಗ ಅದು ಬೆನ್ನಿಗಿರಲಿ. ಬಂಡೆಗಳ ಹೊಂಡದಲ್ಲಿ ಏಡಿ, ಕಡಲ ಹೂ ನೋಡಲು ಹೋಗುವವರು ಇಳಿತಕ್ಕೆ ಒಂದೂವರೆ ಗಂಟೆ ಮುಂಚೆ ಇಳಿದು, ನೀರು ತಿರುಗಿದ ಕೂಡಲೇ ಹೊರಡಬೇಕು. ಎತ್ತಿದ ಕಲ್ಲನ್ನು ಇದ್ದ ಹಾಗೇ ಮಗುಚಿಡಿ, ಅದರಡಿಯ ಜೀವಗಳು ಬಿಸಿಲಿಗೆ ಬದುಕುವುದಿಲ್ಲ. ವಿಹಾರದ ದೋಣಿ ಹತ್ತುವ ಮೊದಲು ತಲೆ ಎಣಿಸಿ, ಲೈಫ್ ಜಾಕೆಟ್ ಎಣಿಸಿ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಏಳುವ ದೋಣಿಯಲ್ಲಿ ಕೂತೇ ಇರಿ.

ಸ್ವಂತ ದೋಣಿ, ಸ್ವಂತ ಕಟ್ಟೆ ಇದ್ದರೆ ಎಡವಟ್ಟಾಗುವುದು ಹೆಚ್ಚಾಗಿ ಹಗ್ಗದಲ್ಲಿ. ಎತ್ತರ ಬದಲಾಗದ ಕಟ್ಟೆಗೆ ಉಬ್ಬರದ ಹೊತ್ತಿನಲ್ಲಿ ಬಿಗಿಯಾಗಿ ಕಟ್ಟಿದ ದೋಣಿ ಇಳಿತದಲ್ಲಿ ಹಗ್ಗಕ್ಕೆ ನೇತುಬೀಳುತ್ತದೆ. ಇಳಿತದಲ್ಲಿ ಬಿಗಿದರೆ ಏರುವ ನೀರು ಅದರ ಮೂತಿಯನ್ನು ಕೆಳಕ್ಕೆಳೆಯುತ್ತದೆ. ಹಗ್ಗವನ್ನು ನೇರ ಮೇಲಕ್ಕೆ ಕಟ್ಟದೆ ಓರೆಯಾಗಿ ದೂರದ ಗೂಟಕ್ಕೆ ಒಯ್ದರೆ, ಉದ್ದ ಹೆಚ್ಚಾದಷ್ಟೂ ಏರಿಳಿತಕ್ಕೆ ಸಡಿಲ ಕಡಿಮೆ ಸಾಕಾಗುತ್ತದೆ. ಲಂಗರು ಹಾಕುವಾಗ ಉಬ್ಬರದ ಆಳಕ್ಕೆ ದೋಣಿಯ ಮೂತಿಯ ಎತ್ತರ ಕೂಡಿಸಿ, ಅದರ ಐದರಿಂದ ಏಳು ಪಟ್ಟು ಹಗ್ಗ ಬಿಡಬೇಕು. ಹಗ್ಗ ಕಟ್ಟೆಯ ಅಂಚಿಗೆ ಉಜ್ಜುವ ಕಡೆ ಹಳೆಯ ಹೋಸ್ ಪೈಪಿನ ತುಂಡು ತೂರಿಸಿ. ಬೇರೆ ಲೋಹದ ಬದಲು ತಾನು ಸವೆಯಲೆಂದು ದೋಣಿಯ ಅಡಿಯಲ್ಲಿ ಇಟ್ಟಿರುವ ಸತುವಿನ ಗಟ್ಟಿ ಅರ್ಧ ಸವೆದಾಗಲೇ ಬದಲಾಯಿಸಿ; ಅದು ಮುಗಿದ ಮೇಲೆ ಉಪ್ಪುನೀರು ಪ್ರೊಪೆಲ್ಲರನ್ನು ತಿನ್ನಲು ಶುರು ಮಾಡುತ್ತದೆ. ಆ ಗಟ್ಟಿಗೆ ಬಣ್ಣ ಮಾತ್ರ ಬಳಿಯಬೇಡಿ, ಬಳಿದರೆ ಅದು ಇದ್ದೂ ಇಲ್ಲದಂತೆ.