ಎಂಆರ್‌ಐ ಆಯಸ್ಕಾಂತ ಆಫ್ ಆಗುವುದೇ ಇಲ್ಲ

ನಾನು ಬೆಂಗಳೂರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಸ್ಕ್ಯಾನ್ ನಡೆಯದಿದ್ದಾಗ ಮಷೀನ್ ಆಫ್ ಇರುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆಸ್ಪತ್ರೆಯಲ್ಲೇ ಕೆಲಸ ಮಾಡುವವರೂ ಕೂಡ. ಆಫ್ ಇರುವುದಿಲ್ಲ. ಒಳಗೆ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿಗಳಿವೆ. ದ್ರವ ಹೀಲಿಯಂ ಅವನ್ನು ಮೈನಸ್ 269 ಡಿಗ್ರಿಯಲ್ಲಿ ಇಟ್ಟಿರುತ್ತದೆ. ಅಷ್ಟು ತಂಪಿನಲ್ಲಿ ತಂತಿಗೆ ರೆಸಿಸ್ಟೆನ್ಸೇ ಇರುವುದಿಲ್ಲ, ಹಾಗಾಗಿ ಒಮ್ಮೆ ತುಂಬಿಸಿದ ಕರೆಂಟ್ ವರ್ಷಗಟ್ಟಲೆ ಸುತ್ತುತ್ತಲೇ ಇರುತ್ತದೆ. ಊರಿಗೆಲ್ಲ ಕರೆಂಟ್ ಹೋದರೂ ಆಯಸ್ಕಾಂತ ಎಳೆಯುವುದನ್ನು ನಿಲ್ಲಿಸುವುದಿಲ್ಲ. ಆಯಸ್ಕಾಂತದ ಶಕ್ತಿಯನ್ನು ಟೆಸ್ಲಾದಲ್ಲಿ ಅಳೆಯುತ್ತಾರೆ, 1.5 ಟೆಸ್ಲಾದ ಎಂಆರ್‌ಐ ಅಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು.

ಇಷ್ಟು ಶಕ್ತಿ ಯಾಕೆ ಬೇಕು? ನಮ್ಮ ಮೈಯ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ ಪ್ರೋಟಾನ್‌ಗಳು ಕ್ಷೇತ್ರದ ದಿಕ್ಕಿಗೆ ವಾಲುತ್ತವೆ, ಆದರೆ ಹಾಗೆ ವಾಲುವುದು ತೀರಾ ಕಡಿಮೆ. 1.5 ಟೆಸ್ಲಾದಲ್ಲೂ ಒಂದು ಕಡೆಗೆ ಹೆಚ್ಚಾಗಿ ಉಳಿಯುವುದು ಹತ್ತು ಲಕ್ಷಕ್ಕೆ ಐದರಷ್ಟು ಮಾತ್ರ! ರೇಡಿಯೋ ತರಂಗದಿಂದ ಅವನ್ನು ಕದಲಿಸಿ, ಅವು ಕೊಡುವ ಸಣ್ಣ ಸಿಗ್ನಲ್‌ನಿಂದಲೇ ಮಿದುಳು, ಮಂಡಿ, ಬೆನ್ನುಹುರಿಯ ಚಿತ್ರ ಕಟ್ಟುತ್ತೇವೆ. ಎಷ್ಟು ವರ್ಷವಾದರೂ ನನಗೆ ಇದು ಬೆರಗೇ.

2018ರಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆಗೆ ಹೋದಾಗ ಆಯಸ್ಕಾಂತ ಸಿಲಿಂಡರನ್ನು ಎಳೆದುಕೊಂಡು, ಅವರು ಪ್ರಾಣ ಕಳೆದುಕೊಂಡರು. ಮಷೀನ್ ಆಫ್ ಇದೆ ಅಂತ ಸಿಬ್ಬಂದಿಯೇ ಹೇಳಿದ್ದರು ಎಂದು ಮನೆಯವರು ಆಗ ಹೇಳಿದ್ದರು. ಅದಕ್ಕೇ ನಾನು ರೋಗಿಗಿಂತ ಜಾಸ್ತಿ ಕಣ್ಣಿಡುವುದು ಜೊತೆಗೆ ಬಂದವರ ಮೇಲೆ, ಸ್ಟ್ರೆಚರ್ ತಳ್ಳುವವರ ಮೇಲೆ. ರೋಗಿ ಬಟ್ಟೆ ಬದಲಿಸಿ, ಫಾರಂ ತುಂಬಿಸಿ ಬಂದಿರುತ್ತಾರೆ. ಇವರು ಸುಮ್ನೆ ಸಹಾಯಕ್ಕೆ ಅಂತ ಹಿಂದೆಯೇ ಬಂದುಬಿಡುತ್ತಾರೆ, ಅಲ್ವಾ?

ಈ ಕೆಲಸದಲ್ಲಿ ನಾನು ಕಲಿತಿದ್ದು ಪ್ರಶ್ನೆ ಕೇಳುವ ರೀತಿಯನ್ನು. "ಮೈಮೇಲೆ ಲೋಹ ಇದೆಯಾ?" ಅಂದರೆ ಎಲ್ಲರೂ ಇಲ್ಲ ಅಂತಲೇ ಹೇಳುತ್ತಾರೆ, ಸುಳ್ಳು ಹೇಳಬೇಕು ಅಂತಲ್ಲ, ಸೀರೆಯ ಪಿನ್ನು, ಹೇರ್‌ಪಿನ್ನು, ಸರಕ್ಕೆ ಸಿಕ್ಕಿಸಿದ ಸೇಫ್ಟಿ ಪಿನ್ನು ಆ ಹೊತ್ತಿಗೆ ಅವರ ತಲೆಗೆ ಬರುವುದೇ ಇಲ್ಲ. ಒಂದೊಂದನ್ನೂ ಹೆಸರಿಟ್ಟು ಕೇಳಬೇಕು. ಕಾರ್ಖಾನೆಗಳಿರುವ ಪೀಣ್ಯದ ಕಡೆಯಿಂದ ಬಂದವರಿದ್ದರೆ ಲೇತ್, ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದ್ದೀರಾ, ಯಾವತ್ತಾದರೂ ಕಣ್ಣಿಗೆ ಕಿಡಿ ಬಿದ್ದಿತ್ತಾ ಅಂತಲೂ ಕೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಕಣ್ಣಲ್ಲಿ ಉಳಿದ ಕಬ್ಬಿಣದ ಚೂರು ಆಯಸ್ಕಾಂತದ ಹತ್ತಿರ ಅಲುಗಾಡಿದರೆ ದೃಷ್ಟಿಯೇ ಹೋಗಬಹುದು. ಅನುಮಾನ ಇದ್ದರೆ ಮೊದಲು ಕಣ್ಣಿನ ಎಕ್ಸ್‌ರೇ, ಆಮೇಲೆ ಸ್ಕ್ಯಾನ್. ಎಷ್ಟೇ ತುರ್ತು ಅಂದರೂ ಈ ಪ್ರಶ್ನೆಗಳನ್ನು ನಾನು ಬಿಡುವುದಿಲ್ಲ.

ಮೂಳೆಗೆ ಹಾಕಿದ ಟೈಟಾನಿಯಂ ರಾಡ್ ಇದ್ದರೆ ಹೆದರಿಕೊಂಡು ಮುಚ್ಚಿಡಬೇಡಿ, ಸಾಮಾನ್ಯವಾಗಿ ತೊಂದರೆ ಆಗುವುದಿಲ್ಲ. ಪೇಸ್‌ಮೇಕರ್ ಮಾತ್ರ ಬೇರೆ ಲೆಕ್ಕ. ಕೆಲವು ಮಾಡೆಲ್‌ಗಳಿಗೆ ಷರತ್ತಿನ ಮೇಲೆ ಸ್ಕ್ಯಾನ್ ಮಾಡಬಹುದು, ಕೆಲವಕ್ಕೆ ಆಗುವುದಿಲ್ಲ. ಪೇಸ್‌ಮೇಕರ್ ಹಾಕಿದಾಗ ಕೊಟ್ಟ ಕಾರ್ಡನ್ನು ಮರೆಯದೆ ತನ್ನಿ, ಅದೂ ಆಗದಿದ್ದರೆ ಫೋನಿನಲ್ಲಿ ಒಂದು ಫೋಟೊ ಇಟ್ಟುಕೊಳ್ಳಿ. ಮಾಡೆಲ್ ನಂಬರ್ ಇಲ್ಲದೆ ನಾವು ನಿಮ್ಮನ್ನು ಒಳಗೆ ಬಿಡುವುದಿಲ್ಲ.