ಒದ್ದೆ ಕಾಗದ ಒಣಗುವಷ್ಟರಲ್ಲಿ

ದೊಡ್ಡವರೂ ಮಕ್ಕಳೂ ಒಂದೇ ಮೇಜಿಗೆ ಕೂತು ಮಾಡುವ ಕೈಕೆಲಸದ ಕಮ್ಮಟದಲ್ಲಿ ಯಜಮಾನಿಕೆ ಕಲಿಸುವವರದ್ದಲ್ಲ, ಒದ್ದೆ ಕಾಗದದ್ದು. ಅದು ಒಣಗದೆ ಮುಂದಿನ ಕೆಲಸ ಶುರುವಾಗುವುದಿಲ್ಲ. ಎಷ್ಟು ಗೋಗರೆದರೂ ಹತ್ತು ನಿಮಿಷ ಮುಂಚೆ ಒಣಗುವುದೂ ಇಲ್ಲ. ಬೆಳಿಗ್ಗೆ 10ರಿಂದ 1ರವರೆಗೆ, 12 ಜನ, ಕೊನೆಗೆ ಪ್ರತಿಯೊಬ್ಬರ ಕೈಯಲ್ಲೂ ತಾವೇ ಬಣ್ಣ ಹಾಕಿದ ಹೊದಿಕೆಯ, ತಾವೇ ಹೊಲಿದ 20 ಪುಟದ ಪುಟ್ಟ ಪುಸ್ತಕ. ಅಂಥ ಒಂದು ಬೆಳಗನ್ನು ಅವಸರವಿಲ್ಲದೆ ನಡೆಸುವುದು ಹೇಗೆಂಬುದೇ ಇಲ್ಲಿನ ವಿಷಯ. ಅವಸರವಿಲ್ಲದ ಕಮ್ಮಟಕ್ಕೆ ತಯಾರಿ ಕಡಿಮೆ ಸಾಕು ಎಂದುಕೊಂಡವರು ಮೊದಲ ಸಲವೇ ಕೈ ಸುಟ್ಟುಕೊಳ್ಳುತ್ತಾರೆ.

ಕೆಲಸ ಹಿಂದಿನ ಸಂಜೆಯೇ ಶುರು. ಮೊದಲು ಅಂಟು. ಬಣ್ಣವನ್ನು ಅಂಟಿನಲ್ಲೇ ಕಲೆಸಿ ಹಾಳೆಗೆ ಹಚ್ಚಿ, ಅದರ ಮೇಲೆ ಬಾಚಣಿಗೆ ಎಳೆದು ಗೆರೆ ಮೂಡಿಸುವುದು ಇಲ್ಲಿನ ವಿಧಾನ. 12 ಜನ ತಲಾ ಎರಡು ಎ4 ಹಾಳೆಗೆ ಬಣ್ಣ ಹಾಕಲು ಸುಮಾರು 700 ಮಿಲಿಲೀಟರ್ ಅಂಟು ಬೇಕು. ಒಂದು ಅಳತೆ ಮೈದಾಕ್ಕೆ ಏಳು ಅಳತೆ ನೀರು. ಮೊದಲು ಮೈದಾವನ್ನು ಒಂದು ಅಳತೆ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಬೇಕು, ಉಳಿದ ಆರು ಅಳತೆ ನೀರನ್ನು ಬಿಸಿ ಮಾಡಿ ಅದಕ್ಕೆ ಸಣ್ಣ ಧಾರೆಯಾಗಿ ಇದನ್ನು ಸುರಿಯುತ್ತ ಕೈಬಿಡದೆ ತಿರುವಬೇಕು. ಸುಣ್ಣದಂತೆ ಬೆಳ್ಳಗಿದ್ದದ್ದು ಸ್ವಲ್ಪ ಪಾರದರ್ಶಕವಾಗಿ ಹೊಳೆಯತೊಡಗಿದ ಮೇಲೂ ಎರಡು ಮೂರು ನಿಮಿಷ ಸಣ್ಣ ಉರಿಯಲ್ಲಿ ಇಡಬೇಕು. ಇಲ್ಲಿ ಆತುರಪಟ್ಟು ಇಳಿಸಿದರೆ ಪಿಷ್ಟ ಸರಿಯಾಗಿ ಬೇಯದೆ ಮರುದಿನ ನೀರು ಬೇರೆ, ಹಿಟ್ಟು ಬೇರೆ ಆಗಿರುತ್ತದೆ. ಆರುತ್ತ ಬಂದಂತೆ ಅಂಟು ಇನ್ನಷ್ಟು ಗಟ್ಟಿಯಾಗುವುದರಿಂದ, ಒಲೆಯ ಮೇಲೆ ನೋಡಿದಾಗ ಸ್ವಲ್ಪ ತೆಳು ಅನಿಸುವುದೇ ಸರಿ. ಆರಿದ ಮೇಲೆ ಜರಡಿಯಲ್ಲಿ ಸೋಸುವುದನ್ನು ತಪ್ಪಿಸಬಾರದು. ಕಾಳಿನಷ್ಟು ಗಂಟೊಂದು ಉಳಿದರೂ ಅದು ಬಾಚಣಿಗೆಯ ಹಲ್ಲಿಗೆ ಸಿಕ್ಕಿ ಹಾಳೆಯುದ್ದಕ್ಕೂ ಗೀರುತ್ತದೆ. ಈ ಅಂಟು ಬೆಚ್ಚಗಿನ ದಿನಗಳಲ್ಲಿ ಮರುದಿನವೇ ಹುಳಿ ವಾಸನೆ ಹಿಡಿಯಬಹುದು, ರಾತ್ರಿ ಫ್ರಿಜ್‌ನಲ್ಲಿ ಇಟ್ಟರೆ ಒಳ್ಳೆಯದು. ಬರುವವರಲ್ಲಿ ಗೋಧಿ ಆಗದವರಿದ್ದಾರೆಯೇ ಎಂದು ಮೊದಲೇ ಕೇಳಿ, ಇದ್ದರೆ ಎಲ್ಲರಿಗೂ ಮೆಕ್ಕೆಜೋಳದ ಪಿಷ್ಟದ ಅಂಟೇ ಮಾಡುವುದು ಸುಲಭ. ಒಬ್ಬರಿಗೆ ಮಾತ್ರ ಬೇರೆ ಬಟ್ಟಲು ಇಟ್ಟರೆ ಚಿಕ್ಕ ಮಕ್ಕಳ ಕುಂಚ ಅದರೊಳಗೂ ಹೋಗಿಯೇ ಹೋಗುತ್ತದೆ.

ಇನ್ನು ಕಾಗದ. ಬಹಳಷ್ಟು ಕಮ್ಮಟಗಳು ಎಡವುವುದು ಇಲ್ಲೇ, ಯಾಕೆ ಎಡವಿದೆವೆಂದು ಗೊತ್ತೂ ಆಗದೆ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ಗೆರೆ ಎಳೆದಂತೆ ಬರುತ್ತದೆ, ಅಡ್ಡಡ್ಡ ಮಡಿಸಿದರೆ ಬೆನ್ನು ಉಬ್ಬುತ್ತದೆ. ದಪ್ಪ ಕಾಗದವಾದರೆ ಮಡಿಕೆಯಲ್ಲಿ ಬಣ್ಣ ಒಡೆದು ಬಿಳಿ ಗೆರೆ ಕಾಣುತ್ತದೆ. ಪರೀಕ್ಷೆ ಸುಲಭ: ಹಾಳೆಯನ್ನು ಮಡಿಸದೆ ಸುಮ್ಮನೆ ಬಾಗಿಸಿ ಅಂಗೈಯಲ್ಲಿ ಒತ್ತಿ ನೋಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಯಾವ ಕಡೆ ಕಡಿಮೆ ಎದುರೊತ್ತುತ್ತದೋ ಆ ಬಾಗಿಗೆ ಸಮನಾಗಿ ನಾರು ಓಡುತ್ತಿದೆ. ಸಾಮಾನ್ಯ ಎ4 ಹಾಳೆಗಳಲ್ಲಿ ನಾರು ಹೆಚ್ಚಾಗಿ 297 ಮಿಲಿಮೀಟರಿನ ಉದ್ದಕ್ಕೇ ಇರುತ್ತದೆ. ಹಾಗಾಗಿ ಅದನ್ನು ನೇರವಾಗಿ ಅರ್ಧಕ್ಕೆ ಮಡಿಸಿ ಪುಸ್ತಕ ಮಾಡಿದರೆ ಮಡಿಕೆ ನಾರಿಗೆ ಅಡ್ಡ ಬೀಳುತ್ತದೆ. ಮೊದಲು ಎರಡಾಗಿ ಕತ್ತರಿಸಿ, ಆ ತುಂಡುಗಳನ್ನು ಮಡಿಸಿದರೆ ನಾರು ಬೆನ್ನಿಗೆ ಸರಿಯಾಗಿ ಬರುತ್ತದೆ. 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಎ6 ಪುಸ್ತಕ. ಚಿಕ್ಕ ಕೈಗಳಿಗೂ ಅದೇ ಹದವಾದ ಅಳತೆ.

ಒಬ್ಬೊಬ್ಬರಿಗೆ ಒಳಪುಟಕ್ಕೆ 80 ಜಿಎಸ್‌ಎಂನ (ಚದರ ಮೀಟರಿಗೆ 80 ಗ್ರಾಂ ತೂಗುವ ಕಾಗದದ) ಅರ್ಧ ತುಂಡುಗಳು ಐದು, ತಪ್ಪಾದರೆ ಇರಲೆಂದು ಇನ್ನೊಂದು. ಅಂದರೆ ತಲಾ ಮೂರು ಎ4, ಒಟ್ಟು 36 ಹಾಳೆ. ಐದು ತುಂಡು ಮಡಿಸಿದರೆ ಹತ್ತು ಎಲೆ, 20 ಪುಟ. ಹತ್ತು ತುಂಡು ಹಾಕೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಹಾಕಿದರೆ ನಡುವಿನ ಹಾಳೆಗಳು ಹೊರಗಿನವಕ್ಕಿಂತ ಮುಂದಕ್ಕೆ ಚಾಚಿಕೊಂಡು ಅಂಚು ಕತ್ತರಿಸುವ ಕೆಲಸ ಬೀಳುತ್ತದೆ, ಮಗುವಿನ ಸೂಜಿಯೂ ದಾಟುವುದಿಲ್ಲ. ಹೊದಿಕೆಗೆ 120 ಜಿಎಸ್‌ಎಂ ಕಾಗದ ಒಬ್ಬರಿಗೆ ಎರಡು. ಜೆರಾಕ್ಸ್ ಕಾಗದದ ಮೇಲೆ ಅಂಟು ಹಚ್ಚಿದರೆ ನಾಲ್ಕನೇ ಸಲ ಉಜ್ಜುವಷ್ಟರಲ್ಲಿ ಮೇಲ್ಮೈ ನಾರೆದ್ದು ಸಿಪ್ಪೆಯಾಗುತ್ತದೆ.

ಬೆಳಿಗ್ಗೆ ಮೇಜಿನ ಮೇಲೆ ಎಲ್ಲವನ್ನೂ ಹರಡಿಡುವುದು ತಪ್ಪು. ಕಣ್ಣಿಗೆ ಬಿದ್ದದ್ದನ್ನು ಮಕ್ಕಳು ಮುಟ್ಟುತ್ತಾರೆ, ದೊಡ್ಡವರು ಅದನ್ನೇ ನೋಡುತ್ತ ಚಿಂತೆ ಮಾಡುತ್ತಾರೆ. ಮೊದಲ ಗಂಟೆಗೆ ಬೇಕಾದ್ದು ಮಾತ್ರ ಮೇಜಿಗೆ: ಪ್ಲಾಸ್ಟಿಕ್ ಹಾಸು, ಒಂದೂವರೆ ಇಂಚಿನ ಚಪ್ಪಟೆ ಕುಂಚ, ಸ್ಪಂಜು, ನೀರಿನ ಬಟ್ಟಲು, ಬಣ್ಣ ಕಲೆಸಿದ ಅಂಟು, ರಟ್ಟಿನ ಬಾಚಣಿಗೆ, ಕೈ ಒರೆಸುವ ಬಟ್ಟೆ. ಸೂಜಿ, ದಾರ, ದಬ್ಬಣ ಎಲ್ಲ ಮುಚ್ಚಿದ ಡಬ್ಬಿಯಲ್ಲಿ.

ಬಣ್ಣ ಕಲೆಸುವುದು ನಮ್ಮದೇ ಕೆಲಸ, ಬಂದವರದ್ದಲ್ಲ. 100 ಮಿ.ಲೀ. ಅಂಟಿಗೆ ಎರಡು ಟೀ ಚಮಚ ಅಕ್ರಿಲಿಕ್ ಬಣ್ಣ. ಪೋಸ್ಟರ್ ಬಣ್ಣ ಅಗ್ಗ, ಆದರೆ ಒಣಗಿದ ಮೇಲೆ ಒದ್ದೆ ಬೆರಳು ತಾಕಿದರೆ ಎದ್ದು ಬರುತ್ತದೆ, ಪುಸ್ತಕದ ಹೊದಿಕೆಗೆ ಅದು ಒಗ್ಗದು. ಒಂದು ಮೇಜಿಗೆ ಎರಡೇ ಬಣ್ಣ. ನೀಲಿ ಮತ್ತು ಹಳದಿ, ಅಥವಾ ಕೆಂಪು ಮತ್ತು ಹಳದಿ. ಮೂರನ್ನೂ ಇಟ್ಟ ಮೇಜಿನಲ್ಲಿ ಕಾಲು ಗಂಟೆಯೊಳಗೆ ಎಲ್ಲರ ಹಾಳೆಯೂ ಕೆಸರಿನ ಬಣ್ಣಕ್ಕೆ ತಿರುಗಿರುತ್ತದೆ, ಯಾಕೆಂದರೆ ಕುಂಚ ತೊಳೆಯುವ ತಾಳ್ಮೆ ಆರು ವರ್ಷದವರಿಗೂ ಇಲ್ಲ, ಅರವತ್ತು ವರ್ಷದವರಿಗೂ ಇಲ್ಲ.

ತೋರಿಸಿಕೊಡಲು ಐದು ನಿಮಿಷ ಸಾಕು. ಹಾಳೆಯ ಎರಡೂ ಬದಿ ಸ್ಪಂಜಿನಿಂದ ಒದ್ದೆ ಮಾಡುವುದು, ಅದು ಪ್ಲಾಸ್ಟಿಕ್ ಹಾಸಿನ ಮೇಲೆ ಅಂಟಿ ಮಟ್ಟಸವಾಗಿ ಕೂರುವವರೆಗೆ ನಡುವಿನಿಂದ ಹೊರಕ್ಕೆ ಗಾಳಿ ಒತ್ತಿ ತೆಗೆಯುವುದು, ಅಂಟುಬಣ್ಣವನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಹಚ್ಚುವುದು, ಮೇಲೆ ಬಾಚಣಿಗೆ ಎಳೆಯುವುದು. ಎಳೆದ ಕಡೆ ಬಣ್ಣ ಸರಿದು ಕಾಗದದ ಬಿಳಿ ಇಣುಕುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜರ್ಮನಿಯ ಹೆರ್ನ್‌ಹುಟ್ ಎಂಬ ಊರಿನ ಮೊರಾವಿಯನ್ ಕ್ರೈಸ್ತ ಸಮುದಾಯದವರು ಮಾಡುತ್ತಿದ್ದ ಹೊದಿಕೆ ಕಾಗದಗಳ ಮೂಲವೂ ಇಷ್ಟೇ, ಅಂಟು, ಬಣ್ಣ, ಬೆರಳು ಇಲ್ಲವೇ ಬಾಚಣಿಗೆ. ಮಕ್ಕಳಿಗೆ ಇತಿಹಾಸ ಬೇಡ. ಬಿಳಿ ಗೆರೆ ಎದ್ದು ಬರುವುದನ್ನು ಒಮ್ಮೆ ನೋಡಿದರೆ ಮುಂದಿನ ಮಾತು ಅವರ ಕಿವಿಗೆ ಬೀಳುವುದೂ ಇಲ್ಲ.

ಎಳೆದ ಗೆರೆ ನಿಧಾನವಾಗಿ ಮತ್ತೆ ಕೂಡಿಕೊಂಡು ಮಾಯವಾದರೆ ಅಂಟು ತೆಳು ಎಂದರ್ಥ. ಇನ್ನಷ್ಟು ಅಂಟು ಸೇರಿಸಬೇಕೇ ಹೊರತು ಬಣ್ಣವನ್ನಲ್ಲ. ಕುಂಚದ ಗೀರುಗಳು ದಿಬ್ಬ ದಿಬ್ಬವಾಗಿ ನಿಂತರೆ ಗಟ್ಟಿ. ಅದು ಒಣಗಿದ ಮೇಲೆ ಮಡಿಕೆಯಲ್ಲಿ ಹೊಪ್ಪಳೆಯಾಗಿ ಉದುರುತ್ತದೆ, ಒಂದು ಚಮಚ ನೀರಿನಿಂದ ಸರಿಹೋಗುತ್ತದೆ. ಸುಮಾರು ಹತ್ತು ನಿಮಿಷ ಹಾಳೆ ತಿದ್ದಲು ಒಪ್ಪುತ್ತದೆ, ಇಷ್ಟವಾಗದಿದ್ದರೆ ಕುಂಚ ಎಳೆದು ಅಳಿಸಿ ಮತ್ತೆ ಶುರು ಮಾಡಬಹುದು. ದೊಡ್ಡವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕು. "ನನಗೆ ಚಿತ್ರ ಬರಲ್ಲ" ಎಂದು ಕುಂಚ ಹಿಡಿಯುವ ಮುಂಚೆಯೇ ಹೇಳಿಬಿಡುವವರು ಅವರೇ. ಅಂಥವರಿಗೆ ಧೈರ್ಯದ ಭಾಷಣ ಮಾಡುವುದಕ್ಕಿಂತ ಹಲ್ಲು ಅಗಲವಿರುವ ಬಾಚಣಿಗೆಯೊಂದನ್ನು ಕೈಗೆ ಕೊಟ್ಟು, ಅಲೆಯಂತೆ ಒಂದೇ ಸಲ ಎಳೆಯಿರಿ ಎನ್ನುವುದು ಮೇಲು. ಅದರಲ್ಲಿ ತಪ್ಪಾಗಲು ಜಾಗವೇ ಇಲ್ಲ.

ಮಕ್ಕಳ ವಿಷಯದಲ್ಲಿ ತೊಂದರೆ ಪಕ್ಕದಲ್ಲಿ ಕೂತವರದ್ದು. ಐದರಿಂದ ಏಳು ವರ್ಷದವರ ಜೊತೆ ಒಬ್ಬ ದೊಡ್ಡವರು ಇರಲೇಬೇಕು, ಆದರೆ ಅವರಿಗೆ ಅವರದೇ ಹಾಳೆ ಕೊಡದಿದ್ದರೆ ಮಗುವಿನ ಹಾಳೆಗೆ ಕೈ ಹಾಕುತ್ತಾರೆ. "ಇಲ್ಲಿ ಇನ್ನೂ ಸ್ವಲ್ಪ ನೀಲಿ ಹಾಕು ಪುಟ್ಟಾ" ಎನ್ನುವಲ್ಲಿಂದ ಶುರುವಾಗಿ, ಕೊನೆಗೆ ಮಗು ಕೈಕಟ್ಟಿ ಕೂತು ದೊಡ್ಡವರೇ ಪೂರ್ತಿ ಮಾಡಿರುತ್ತಾರೆ. ಸ್ವಂತ ಹಾಳೆ ಎದುರಿಗಿದ್ದರೆ ಅವರೂ ಮುಳುಗಿಬಿಡುತ್ತಾರೆ. ಇದಕ್ಕಿಂತ ಒಳ್ಳೆಯ ಮದ್ದು ಗೊತ್ತಿಲ್ಲ.

ಬಣ್ಣ ಮುಗಿದಾಗ ಸುಮಾರು ಹನ್ನೊಂದು. ಈಗ ಒಣಗಿಸುವುದು. ದಾರಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದರೆ ಒದ್ದೆ ಹಾಳೆ ತನ್ನ ಭಾರಕ್ಕೇ ಮೂಲೆ ಹರಿದುಕೊಂಡು ಬೀಳುತ್ತದೆ. ಫ್ಯಾನಿನ ಕೆಳಗೆ ನೇರವಾಗಿ ಇಟ್ಟರೆ ಮೇಲ್ಮೈ ಬೇಗ ಒಣಗಿ, ತಳ ಒದ್ದೆಯಿದ್ದು, ಹಾಳೆ ಸುರುಳಿಯಾಗುತ್ತದೆ. ಹಳೆಯ ದಿನಪತ್ರಿಕೆಯ ಮೇಲೆ ಮಟ್ಟಸವಾಗಿ ಹಾಸಿ, ಗಾಳಿಯಾಡುವ ಕೋಣೆಯಲ್ಲಿ ಬಿಟ್ಟರೆ 40ರಿಂದ 60 ನಿಮಿಷ. ತೇವದ ದಿನ ಅದು ಎರಡು ಗಂಟೆಗೂ ಹೋಗಬಹುದು. ಆ ದಿನಕ್ಕೆಂದೇ ನಾವು ಬಣ್ಣದ ಸಾದಾ ದಪ್ಪ ಕಾಗದವನ್ನೂ 12 ತುಂಡು ಕತ್ತರಿಸಿ ಇಟ್ಟಿರುತ್ತೇವೆ. ಅದನ್ನೇ ಹೊದಿಕೆಯಾಗಿ ಸೇರಿಸಿ ಹೊಲಿದು, ಬಣ್ಣದ ಹಾಳೆಯನ್ನು ಮನೆಯಲ್ಲಿ ಒಣಗಿದ ಮೇಲೆ ಅದರ ಮೇಲೆ ಅಂಟಿಸಿಕೊಳ್ಳಬಹುದು. ಇಂಥದೊಂದು ದಾರಿ ಇದೆಯೆಂದು ಗೊತ್ತಿದ್ದರೆ ಸಾಕು, ನಡೆಸುವವರು ಪದೇ ಪದೇ ಹಾಳೆ ಮುಟ್ಟಿ ನೋಡುತ್ತ ಓಡಾಡುವುದು ನಿಲ್ಲುತ್ತದೆ.

ಒಣಗುವ ಹೊತ್ತಿನಲ್ಲಿ ಮಡಿಸುವುದು, ತೂತು ಮಾಡುವುದು. ಮಡಿಕೆಯನ್ನು ಚಮಚದ ಬೆನ್ನಿನಿಂದ ನಡುವಿನಿಂದ ಎರಡೂ ಕಡೆಗೆ ಒತ್ತಬೇಕು. ಒಂದು ತುದಿಯಿಂದ ಒತ್ತುತ್ತ ಹೋದರೆ ಇನ್ನೊಂದು ತುದಿಯಲ್ಲಿ ಹಾಳೆ ಜರುಗಿರುತ್ತದೆ. ಒಂದೊಂದೇ ಮಡಿಸಿ, ಆಮೇಲೆ ಒಂದರೊಳಗೊಂದು ಇಟ್ಟು, ಮೇಜಿಗೆ ತಟ್ಟಿ ತಲೆ ಸಮ ಮಾಡಿ, ಎರಡು ಕ್ಲಿಪ್ಪು. 148 ಮಿ.ಮೀ. ಉದ್ದದ ರಟ್ಟಿನ ಪಟ್ಟಿಯಲ್ಲಿ 24, 74, 124ರಲ್ಲಿ ಗುರುತು ಹಾಕಿಟ್ಟರೆ ಯಾರೂ ಅಳೆಯಬೇಕಿಲ್ಲ. ಹಳೆಯ ದಪ್ಪ ಪುಸ್ತಕವೊಂದನ್ನು ನಡುವೆ ತೆರೆದು ಆ ಕಣಿವೆಯಲ್ಲಿ ಮಡಿಕೆಯನ್ನು ಕೂರಿಸಿ ದಬ್ಬಣ ನೆಟ್ಟಗೆ ಇಳಿಸಿದರೆ ತೂತು ಸರಿಯಾಗಿ ಬೆನ್ನಿನ ಮೇಲೇ ಬೀಳುತ್ತದೆ. ಮೇಜಿನ ಮೇಲಿಟ್ಟು ಚುಚ್ಚಿದವರ ತೂತು ಎರಡು ಮಿ.ಮೀ. ಪಕ್ಕಕ್ಕೆ ಸರಿದು, ಹೊಲಿದ ಮೇಲೆ ಪುಸ್ತಕ ಒಂದು ಕಡೆಗೆ ವಾಲುತ್ತದೆ. ದಬ್ಬಣ ಒಂದೇ, ಅದು ನಡೆಸುವವರ ಹತ್ತಿರ. ಮಕ್ಕಳು ಸಾಲಾಗಿ ಬಂದು ದೊಡ್ಡವರ ಕೈಯ ಜೊತೆ ಒತ್ತುತ್ತಾರೆ.

ಹನ್ನೆರಡರ ಹೊತ್ತಿಗೆ ಹಾಳೆಗಳು ಒಣಗಿರುತ್ತವೆ. ಒಂದು ಎ4 ಹಾಳೆಯಲ್ಲಿ ಎರಡು ಹೊದಿಕೆ ಇದೆ, ಯಾವ ಅರ್ಧ ಎಂಬುದನ್ನು ಆರಿಸಬೇಕು. ಹಾಳೆಯ ಅರ್ಧದಷ್ಟು ದೊಡ್ಡ ಕಿಟಕಿ ಕತ್ತರಿಸಿದ ರಟ್ಟಿನ ಚೌಕಟ್ಟನ್ನು ಆಚೀಚೆ ಸರಿಸಿ ನೋಡುವಾಗ, "ಹಾಳಾಯ್ತು" ಎಂದು ಬದಿಗಿಟ್ಟ ಹಾಳೆಯಲ್ಲೂ ಒಳ್ಳೆಯ ತುಂಡು ಸಿಗುತ್ತದೆ. ಒಂದೇ ಎಚ್ಚರಿಕೆ: ಚೌಕಟ್ಟನ್ನು ಅಡ್ಡ ತಿರುಗಿಸಿ ಕತ್ತರಿಸಿದರೆ ನಾರು ಮತ್ತೆ ಅಡ್ಡ ಬೀಳುತ್ತದೆ. ಅದಕ್ಕೇ ಹಾಳೆಯ ಹಿಂಬದಿಯಲ್ಲಿ ನಾರಿನ ದಿಕ್ಕಿಗೆ ಮೊದಲೇ ಒಂದು ಪೆನ್ಸಿಲ್ ಬಾಣ ಎಳೆದಿಟ್ಟಿರಬೇಕು. ಆರಿಸಿದ ತುಂಡನ್ನು ಮಡಿಸಿ, ಅದೇ ಪಟ್ಟಿಯ ಅಳತೆಗೆ ತೂತು ಮಾಡಿದರೆ ಹೊದಿಕೆ ತಯಾರು.

ಹೊಲಿಗೆಯ ದಾರ ಬೆನ್ನಿನ ಎತ್ತರದ ಎರಡೂವರೆ ಪಟ್ಟು ಸಾಕು, ಅಂದರೆ 37 ಸೆಂಟಿಮೀಟರ್. ಮಕ್ಕಳಿಗೆ 45. ಅದಕ್ಕಿಂತ ಉದ್ದವಾದರೆ ಸಿಕ್ಕು. ಕಸೂತಿ ದಾರದ ಆರೂ ಎಳೆ ಒಟ್ಟಿಗೇ ಇರಲಿ, ಮೇಣದ ಬತ್ತಿಯ ತುಂಡಿನ ಮೇಲೆ ಎರಡು ಸಲ ಎಳೆದರೆ ಎಳೆಗಳು ಬಿಚ್ಚಿಕೊಳ್ಳುವುದಿಲ್ಲ. ಸೂಜಿ ಕಣ್ಣು ದೊಡ್ಡದಿರುವ, ಮೊನೆ ಮೊಂಡಾದದ್ದು. ತೂತು ಮೊದಲೇ ಇರುವುದರಿಂದ ಮೊನೆ ಬೇಕಿಲ್ಲ, ಮೊನೆಯಿದ್ದರೆ ಅದು ತನ್ನದೇ ಹೊಸ ತೂತು ಮಾಡುತ್ತದೆ.

ಒಳಗಿನಿಂದ ನಡುವಿನ ತೂತಿನಲ್ಲಿ ಹೊರಕ್ಕೆ, ಎಂಟು ಸೆಂಟಿಮೀಟರ್ ಬಾಲ ಒಳಗೇ ಬಿಟ್ಟು. ಹೊರಗಿನಿಂದ ಮೇಲಿನ ತೂತಿಗೆ. ಒಳಗೆ ನಡುವಿನದನ್ನು ಬಿಟ್ಟು ನೇರ ಕೆಳಗಿನ ತೂತಿಗೆ, ಅಲ್ಲಿಂದ ಹೊರಕ್ಕೆ. ಹೊರಗಿನಿಂದ ಮತ್ತೆ ನಡುವಿಗೆ. ಇಷ್ಟೇ. ಈಗ ಎರಡೂ ತುದಿ ಒಳಗಿವೆ. ಉದ್ದ ಹೊಲಿಗೆಯ ಆಚೆ ಒಂದು, ಈಚೆ ಒಂದು ಬರುವಂತೆ ನೋಡಿಕೊಂಡು ಗಂಟು ಹಾಕಬೇಕು: ಎಡದ್ದು ಬಲದ ಮೇಲೆ, ಆಮೇಲೆ ಬಲದ್ದು ಎಡದ ಮೇಲೆ. ಎರಡು ಸಲವೂ ಒಂದೇ ಬದಿಯಿಂದ ಹಾಕಿದ ಗಂಟು ಒಂದು ವಾರದಲ್ಲಿ ಸಡಿಲಾಗುತ್ತದೆ. ಎರಡು ತುದಿಯೂ ಒಂದೇ ಬದಿಯಲ್ಲಿದ್ದರೆ ಉದ್ದ ಹೊಲಿಗೆ ಬಿಗಿಯಾಗದೆ ಜೋತು ಬೀಳುತ್ತದೆ.

ಬಿಗಿ ಮಾಡುವಾಗ ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಬೇಕು. ಮೇಲಕ್ಕೆತ್ತಿ ಎಳೆದರೆ ತೂತು ಹರಿದು ಸೀಳಾಗುತ್ತದೆ, ಅದರಲ್ಲೂ ಒಳಗಿನ ಹಾಳೆಯಲ್ಲಿ. ಇನ್ನೊಂದು ತೊಂದರೆ ನಡುವಿನ ತೂತಿಗೆ ಎರಡನೇ ಸಲ ಹೋಗುವಾಗಿನದು. ಅಲ್ಲಿ ಮೊದಲೇ ಇರುವ ದಾರದ ಎಳೆಗಳ ನಡುವೆ ಸೂಜಿ ತೂರಿದರೆ ಆ ಮೇಲೆ ಎಷ್ಟು ಎಳೆದರೂ ಬಿಗಿಯಾಗದು. ಬಾಲವನ್ನು ಬದಿಗೆ ಎಳೆದು ಹಿಡಿದುಕೊಂಡರೆ ಸೂಜಿಗೆ ದಾರಿ ಸಿಗುತ್ತದೆ. ಬಾಲವೇ ಪೂರ್ತಿ ಹೊರಗೆ ಬಂದುಬಿಡುವುದು ಚಿಕ್ಕವರಲ್ಲಿ ಮಾಮೂಲು, ಒಳಪುಟಕ್ಕೆ ಒಂದು ತುಂಡು ಟೇಪು ಹಚ್ಚಿದರೆ ಮುಗಿಯಿತು. ಎಡಗೈಯವರು ಎದುರಿಗೆ ಕೂತು ನೋಡಿದರೆ ಕನ್ನಡಿಯಲ್ಲಿ ನೋಡಿದಂತೆ ಸರಿಯಾಗಿ ಕಾಣುತ್ತದೆ. ಆದರೆ ಅವರಿಗೆ ಬಲಗೈಯ ಕತ್ತರಿ ಕೊಡುವುದು ಅನ್ಯಾಯ, ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ.

ಒಂದು ಗಂಟೆಗೆ ಮೊದಲು ಸೂಜಿ ಎಣಿಸಬೇಕು. 12 ಕೊಟ್ಟಿದ್ದರೆ 12 ಬರಬೇಕು. 11 ಬಂದರೆ ಯಾರೂ ಎದ್ದು ಹೋಗುವಂತಿಲ್ಲ, ಪ್ಲಾಸ್ಟಿಕ್ ಹಾಸಿನ ಮಡಿಕೆಯಲ್ಲಿ ಅಯಸ್ಕಾಂತ ಆಡಿಸಿದರೆ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಉಳಿದ ಅಂಟನ್ನು ಸಿಂಕಿಗೆ ಸುರಿಯಬಾರದು, ಕೊಳವೆಯಲ್ಲಿ ಕೂತು ಗಟ್ಟಿಯಾಗುತ್ತದೆ. ಬಟ್ಟಲನ್ನು ಮೊದಲು ದಿನಪತ್ರಿಕೆಯಿಂದ ಒರೆಸಿ, ಅದನ್ನು ಕಸಕ್ಕೆ ಹಾಕಿ, ಆಮೇಲೆ ತೊಳೆಯುವುದು. ಹೊದಿಕೆಗೆ ಬಳಸದ ಇನ್ನೊಂದು ಅರ್ಧವನ್ನು ಮರೆತು ಹೋಗುವವರು ಬಹಳ. ಅದರ ಹಿಂದೆ ಹೆಸರು ಬರೆಸಿ, 45 ಸೆಂಟಿಮೀಟರ್ ದಾರವನ್ನೂ ಸುತ್ತಿ ಕೈಗೇ ಕೊಟ್ಟು ಕಳಿಸಬೇಕು.