ಕೊನೆಯ ಮ್ಯಾನ್‌ಹೋಲ್‌ನಿಂದ ಮುಂದೆ

ಮೈಸೂರಿನ ಸುತ್ತಮುತ್ತ ಏಳುವ ಖಾಸಗಿ ಬಡಾವಣೆಗಳಿಗೆ ರಸ್ತೆ, ನೀರು, ಒಳಚರಂಡಿಯ ನಕ್ಷೆ ಮಾಡಿಕೊಡುವುದು ನನ್ನ ಕೆಲಸ. ಜಮೀನಿನ ಸ್ಕೆಚ್ ಕೈಗೆ ಬಂದ ಕೂಡಲೇ, ಕಚೇರಿಗೆ ಹೊಸದಾಗಿ ಸೇರಿದವರು ನಿವೇಶನಗಳ ಗೆರೆ ಎಳೆಯಲು ಕೂರುತ್ತಾರೆ. ಮೂವತ್ತು–ನಲವತ್ತು ಎಷ್ಟು, ನಲವತ್ತು–ಅರವತ್ತು ಎಷ್ಟು ಎಂಬುದೇ ಲೆಕ್ಕ. ನಾನು ಅವರನ್ನು ಮೊದಲು ಕೇಳುವುದು ಬೇರೆ: ಕೊನೆಯ ಮ್ಯಾನ್‌ಹೋಲ್ ಎಲ್ಲಿ ಬರುತ್ತದೆ, ಅಲ್ಲಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆ? ಕೆಳಗಿನಿಂದ ಮೇಲಕ್ಕೆ ಯೋಚಿಸುವ ಈ ಕ್ರಮವನ್ನು ಕಾಲೇಜು ನನಗೆ ಕಲಿಸಲಿಲ್ಲ, ಮೈಸೂರಿನ ನೆಲ ಕಲಿಸಿತು.

ಈ ಊರು ಕೂತಿರುವುದು ಒಂದು ದಿಣ್ಣೆಯ ಮೇಲೆ. ಉತ್ತರದ ಇಳಿಜಾರಿನ ನೀರು ಕೆಸರೆಯ ಕಡೆಯಿಂದ ಕಾವೇರಿಗೆ ಇಳಿಯುತ್ತದೆ, ದಕ್ಷಿಣದ್ದು ದಳವಾಯಿ ಕೆರೆಯ ದಾರಿ ಹಿಡಿದು ಕಬಿನಿಯತ್ತ ಸಾಗುತ್ತದೆ. ನಗರದ ಕೊಳಚೆ ನೀರಿನ ಶುದ್ಧೀಕರಣ ಘಟಕಗಳು ವಿದ್ಯಾರಣ್ಯಪುರ, ರಾಯನಕೆರೆ ಮತ್ತು ಕೆಸರೆಯಲ್ಲಿ ಇರುವುದು ಇದೇ ಕಾರಣಕ್ಕೆ. ಮೂರೂ ಸೇರಿ ದಿನಕ್ಕೆ ಸುಮಾರು 157 ದಶಲಕ್ಷ ಲೀಟರ್ ಸಾಮರ್ಥ್ಯದವು. ನೆಲ ಹೇಳಿದ ದಿಕ್ಕಿಗೇ ಕೊಳವೆ ಹೋಗಿದೆ. ಈ ಗಾತ್ರದ ಎಷ್ಟು ನಗರಗಳು ಇಷ್ಟು ಮಾಡಿವೆ? ಮೈಸೂರನ್ನು ಹೊಗಳುವವರು ಅರಮನೆಯ ದೀಪ ನೋಡುತ್ತಾರೆ, ನಾನು ಇದನ್ನು ನೋಡುತ್ತೇನೆ.

ಇದರ ಬೇರು ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ಲೇಗು ಊರನ್ನು ಹಿಂಡಿದ ಮೇಲೆ, 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಹುಟ್ಟಿತು. ಹಿರಿಯರ ಬಾಯಲ್ಲಿ ಅದು ಇನ್ನೂ ಸಿಐಟಿಬಿ. ದೇಶದಲ್ಲಿ ಇಂಥ ಸಂಸ್ಥೆ ಪಡೆದ ಮೊದಲ ಕೆಲವು ನಗರಗಳಲ್ಲಿ ಮೈಸೂರೂ ಒಂದು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಗಾಳಿ ಬೆಳಕು ಆಡುವ ಬಡಾವಣೆ ಮಾಡುವುದು ಅದರ ಉದ್ದೇಶ. ಹಳೆಯ ಭಾಗಗಳಲ್ಲಿ ಮನೆಗಳ ಹಿಂಬದಿಗೆ ಸಾಗುವ ಕನ್ಸರ್ವೆನ್ಸಿ ಓಣಿಗಳನ್ನು ಒಮ್ಮೆ ನಡೆದು ನೋಡಿ. ಈಗ ಅಲ್ಲಿ ಹಳೆಯ ಸೋಫಾ, ನಿಂತುಹೋದ ಸ್ಕೂಟರ್, ಯಾರದೋ ಮನೆಯ ಒತ್ತುವರಿ ಕಾಣುತ್ತದೆ. ಆದರೆ ಮಲಿನ ಹೊರಹೋಗುವುದಕ್ಕೂ ನಕ್ಷೆಯಲ್ಲಿ ಜಾಗ ಬೇಕು ಎಂದು ಯಾರೋ ನೂರು ವರ್ಷದ ಹಿಂದೆಯೇ ತೀರ್ಮಾನಿಸಿದ್ದರಲ್ಲ, ಅದು ದೊಡ್ಡದು. ಜಮೀನು ಪಡೆಯುವವರು, ರಸ್ತೆ ಹಾಕುವವರು, ಚರಂಡಿ ತೋಡುವವರು ಒಂದೇ ಸೂರಿನಡಿ ಇದ್ದುದರಿಂದ ಅದು ಸಾಧ್ಯವಾಯಿತು. ರಾಜರ ಕಾಲ ಚೆನ್ನಾಗಿತ್ತು ಎಂಬ ಹಳಹಳಿಕೆಯಲ್ಲ ಇದು. ಯಾರು ಯಾವುದಕ್ಕೆ ಹೊಣೆ ಎಂಬುದು ಆಗ ಸ್ಪಷ್ಟವಿತ್ತು, ಅಷ್ಟೆ.

1988ರಲ್ಲಿ ಸಿಐಟಿಬಿಯ ಜಾಗಕ್ಕೆ ನಗರಾಭಿವೃದ್ಧಿ ಪ್ರಾಧಿಕಾರ ಬಂತು. ಆಮೇಲೆ ಊರು ರಿಂಗ್ ರಸ್ತೆಯನ್ನೂ ದಾಟಿ ಬೆಳೆಯಿತು. ಹೊರಗಿನ ಬಹುಪಾಲು ಬಡಾವಣೆಗಳು ಖಾಸಗಿಯವರವು. ನಕ್ಷೆಗೆ ಅನುಮೋದನೆ ಒಂದು ಕಡೆ, ಮುಂದಿನ ನಿರ್ವಹಣೆ ಇನ್ನೊಂದು ಕಡೆ. ಐನೂರು ನಿವೇಶನಗಳ ಬಡಾವಣೆ ಎಂದಿಟ್ಟುಕೊಳ್ಳಿ. ಮನೆಗೆ ಐದು ಜನ, ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇಕಡ 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ನಮ್ಮ ವೃತ್ತಿಯ ಸಾಮಾನ್ಯ ಲೆಕ್ಕ. ದಿನಕ್ಕೆ 2.7 ಲಕ್ಷ ಲೀಟರ್ ಆಯಿತು. ಬೀದಿದೀಪ ಮತ್ತು ಕೊಳವೆಬಾವಿಯ ಖರ್ಚಿಗೇ ತಿಣುಕುವ ಗ್ರಾಮ ಪಂಚಾಯಿತಿ ಇದನ್ನು ಏನು ಮಾಡೀತು? 2020ರ ಕೊನೆಯಲ್ಲಿ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿಗಳು ರಚನೆಯಾದವು. ಮನೆಗಳು ಮೊದಲು ಬಂದವು, ನಗರಾಡಳಿತ ಆಮೇಲೆ. ಬೋರ್ಡು ಬದಲಾದ ಮಾತ್ರಕ್ಕೆ ನೆಲದಡಿ ಕೊಳವೆ ಮೂಡುವುದಿಲ್ಲ.

ಪಶ್ಚಿಮದ ಕಡೆ ನಾನು ನಕ್ಷೆ ಮಾಡಿದ ಒಂದು ಬಡಾವಣೆಯ ಕತೆ ಹೇಳಬೇಕು. ಜಮೀನು ಇಳಿಯುವುದು ಕೆರೆಯತ್ತ, ನಗರದ ಮುಖ್ಯ ಒಳಚರಂಡಿ ಕೊಳವೆ, ಅಂದರೆ ಟ್ರಂಕ್ ಲೈನ್ ಇರುವುದು ಅದರ ಎದುರು ದಿಕ್ಕಿನ ಎತ್ತರದಲ್ಲಿ. ಕೊಳವೆಯಲ್ಲಿ ಹೂಳು ನಿಲ್ಲದಿರಲು ನೀರು ಸೆಕೆಂಡಿಗೆ ಕನಿಷ್ಠ 0.6 ಮೀಟರ್ ವೇಗದಲ್ಲಿ ಓಡಬೇಕು. ಆರು ಇಂಚಿನ ಕೊಳವೆಗೆ ನಾವು ನೂರೈವತ್ತು ಮೀಟರಿಗೆ ಒಂದು ಮೀಟರ್ ಇಳಿಜಾರು ಇಡುತ್ತೇವೆ. ಆರುನೂರು ಮೀಟರ್ ಸಾಗುವಷ್ಟರಲ್ಲಿ ನಾಲ್ಕು ಮೀಟರ್ ಇನ್ನೂ ಆಳ. ನೆಲವೇ ಏರುತ್ತಿದ್ದರೆ ಅದೂ ಸೇರುತ್ತದೆ, ಕೆಳಗೆ ಬಂಡೆ ಸಿಕ್ಕಿದರೆ ಲೆಕ್ಕವೇ ಮುರಿಯುತ್ತದೆ. ಹಾಗಾಗಿ ತಗ್ಗಿನಲ್ಲಿ ಕೊಳಚೆ ಕೂಡುವ ಬಾವಿ, ಅಂದರೆ ವೆಟ್‌ವೆಲ್ ಕಟ್ಟಿ ಪಂಪು ಮಾಡಬೇಕು, ಇಲ್ಲವೇ ಅಲ್ಲೇ ಸಣ್ಣ ಶುದ್ಧೀಕರಣ ಘಟಕ ಬೇಕು.

ಡೆವಲಪರ್ ನಕ್ಕರು. “ಸರ್, ಸೈಟು ಕೊಳ್ಳಲು ಬಂದವರು ಕಮಾನು ನೋಡುತ್ತಾರೆ, ಪಾರ್ಕು ನೋಡುತ್ತಾರೆ. ಮ್ಯಾನ್‌ಹೋಲ್ ಮುಚ್ಚಳ ಎತ್ತಿ ನೋಡಿದವರನ್ನು ನೀವು ಕಂಡಿದ್ದೀರಾ? ಒಂದು ದೊಡ್ಡ ಸೆಪ್ಟಿಕ್ ಟ್ಯಾಂಕ್ ಹಾಕಿಬಿಡಿ.” ಕಂಡಿಲ್ಲ ಎಂದು ಒಪ್ಪಿಕೊಂಡೆ. ಆದರೆ ಟ್ಯಾಂಕ್ ತುಂಬಿದ ಮೇಲೆ ಹರಿಯುವುದು ಕೆರೆಗೇ, ಆ ನಕ್ಷೆಗೆ ಸಹಿ ಹಾಕಲಾರೆ ಎಂದೂ ಹೇಳಿದೆ. ಪಕ್ಕದ ಬಡಾವಣೆಯ ಕೊಳವೆ ನಮ್ಮದಕ್ಕಿಂತ ಕೆಳಮಟ್ಟದಲ್ಲಿತ್ತು. ಅದಕ್ಕೆ ಸೇರಿಸಿಕೊಂಡು, ಇಬ್ಬರೂ ಕೂಡಿ ಒಂದೇ ಘಟಕ ಕಟ್ಟಿದ್ದರೆ ಇಬ್ಬರಿಗೂ ಅಗ್ಗ. ಪಕ್ಕದವರು ತಮ್ಮ ರಸ್ತೆ ಅಗೆಯಲು ಬಿಡಲಿಲ್ಲ. ಇಬ್ಬರನ್ನೂ ಒಂದು ಮೇಜಿಗೆ ಕೂರಿಸುವ ಅಧಿಕಾರ ಯಾರದೆಂದು ವಿಚಾರಿಸಿದರೆ ಒಂದು ಕಚೇರಿ ಇನ್ನೊಂದರ ವಿಳಾಸ ಕೊಟ್ಟಿತು. ನನ್ನ ಮಟ್ಟಿಗೆ ಈ ನಗರದ ದೊಡ್ಡ ಕೊರತೆ ಹಣದ್ದಲ್ಲ, ಇದು. ಪ್ರತಿ ಬಡಾವಣೆಯೂ ತನ್ನ ಕಾಂಪೌಂಡಿನೊಳಗೆ ಅಚ್ಚುಕಟ್ಟು, ಎರಡು ಕಾಂಪೌಂಡುಗಳ ನಡುವಿನ ನೂರು ಅಡಿಗೆ ವಾರಸುದಾರರಿಲ್ಲ. ರಾಜಕಾಲುವೆಗಳು ಕೊಳಚೆಯ ಕಾಲುವೆಗಳಾಗುವುದು ಆ ನೂರು ಅಡಿಯಲ್ಲೇ.

ಕೊನೆಗೆ ತಗ್ಗಿನ ಮೂಲೆಯ ಆರು ನಿವೇಶನಗಳನ್ನು ಬಿಟ್ಟುಕೊಟ್ಟು ಸಣ್ಣ ಘಟಕಕ್ಕೆ ಜಾಗ ಮಾಡಿದೆವು. ಡೆವಲಪರ್ ಇಂದಿಗೂ ಆ ಆರರ ಬೆಲೆಯನ್ನು ನನ್ನ ಲೆಕ್ಕಕ್ಕೇ ಬರೆದಿಟ್ಟಿದ್ದಾರೆ.

ಕಸದ ವಿಷಯದಲ್ಲಿ ಇದೇ ಊರು ಬೇರೆ ಮುಖ ತೋರುತ್ತದೆ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ಮೊದಲ ಸ್ಥಾನ ಪಡೆದಾಗ ಅದರ ಹಿಂದೆ ನಸುಕಿನಲ್ಲಿ ಬೀದಿಗಿಳಿಯುವ ಪೌರಕಾರ್ಮಿಕರಿದ್ದರು, ಕುಂಬಾರಕೊಪ್ಪಲಿನಂಥ ವಾರ್ಡ್ ಮಟ್ಟದ ವಿಂಗಡಣೆ ಘಟಕಗಳಿದ್ದವು. ಕಸ ಕಣ್ಣಿಗೆ ಬೀಳುತ್ತದೆ, ಒಂದು ದಿನ ಗಾಡಿ ಬಾರದಿದ್ದರೆ ಬೀದಿಯೇ ಜಗಳಕ್ಕೆ ನಿಲ್ಲುತ್ತದೆ. ಕೊಳವೆಗೆ ಆ ಭಾಗ್ಯವಿಲ್ಲ. ವಿದ್ಯಾರಣ್ಯಪುರದ ಸೂಯೇಜ್ ಫಾರಂ ಬಳಿ ಮನೆ ಮಾಡಿದವರು ಈ ಹೊಗಳಿಕೆಗೆ ತಲೆಯಾಡಿಸಲಾರರು, ವರ್ಷಗಟ್ಟಲೆ ರಾಶಿಬಿದ್ದ ಕಸದ ನಾತ ಅವರ ಪಾಲಿಗೆ ಬಂದದ್ದು.

ಈಗ ಯಾವ ಬಡಾವಣೆಯ ಕೆಲಸ ಬಂದರೂ ಹೊರಗಿನ ಮ್ಯಾನ್‌ಹೋಲ್‌ನ ಇನ್ವರ್ಟ್ ಲೆವೆಲ್ (ಕೊಳವೆಯ ಒಳತಳದ ಮಟ್ಟ) ಸರ್ವೆ ಮಾಡಿಸದೆ ನಿವೇಶನದ ಗೆರೆ ಎಳೆಯಲು ಬಿಡುವುದಿಲ್ಲ. ಅಂದಾಜುಪಟ್ಟಿಯಲ್ಲಿ ಒಂದು ಸಾಲನ್ನೂ ಸೇರಿಸಿದ್ದೇನೆ: ಹಸ್ತಾಂತರದ ನಂತರ ಐದು ವರ್ಷಗಳ ಪಂಪಿನ ವಿದ್ಯುತ್ ಬಿಲ್ಲು ಮತ್ತು ಆಪರೇಟರ್ ಸಂಬಳ. ಡೆವಲಪರ್‌ಗಳ ಪೆನ್ನು ಮೊದಲು ಹೊಡೆದುಹಾಕುವುದು ಅದನ್ನೇ. ಹೊಡೆದ ಪ್ರತಿಗೆ ಅವರ ಸಹಿ ಪಡೆದು ಕಡತದಲ್ಲಿ ಇಟ್ಟುಕೊಳ್ಳುತ್ತೇನೆ.